ಗಿಡ ಎಂದರೆ ಎಷ್ಟೆತ್ತರ

ಧಾರವಾಡ ಸೀಮೆಯ ಇತಿಹಾಸ ಬರೆಯುವವರು ಯುದ್ಧ, ಬರ, ಪ್ಲೇಗುಗಳನ್ನು ಬಿಟ್ಟರೂ ಒಂದು ಸಂಗತಿಯನ್ನು ಬಿಡುವಂತಿಲ್ಲ. ೧೯೩೪ರ ಚಳಿಗಾಲದಲ್ಲಿ, ‘ಗಿಡ’ ಎಂದರೆ ಎಷ್ಟೆತ್ತರ ಎಂಬ ಪ್ರಶ್ನೆ ಎದ್ದಿತು.

ಎಬ್ಬಿಸಿದವನು ಸಪ್ತಾಪುರದ ತ್ರ್ಯಂಬಕ, ಜಂಗಲ್ ಖಾತೆಯ ಗಾರ್ಡು. ಅವನ ಪಾಲಿನ ಗುಡ್ಡದ ಮತ್ತಿಗಳಿಗೆ ಕೊರೆಯುವ ದುಂಬಿ ಬಿದ್ದು, ಅರ್ಧ ಕಾಡು ನಿಂತಲ್ಲೇ ಒಣಗಿತ್ತು. ಹಿಂದಿನ ಬೇಸಿಗೆ ಅದಕ್ಕೆ ಬೆಂಕಿ ಹತ್ತಿ, ಗುಡ್ಡದ ಬುಡದಲ್ಲಿದ್ದ ಶೇವಂತೆವ್ವನ ಮನೆ ಬೂದಿಯಾಗಿತ್ತು. ಆಕೆ ಅದೇ ಜಾಗದಲ್ಲಿ ಮತ್ತೆ ಕಟ್ಟಿಕೊಂಡಿದ್ದಳು. ಹೋಳಿಹುಣ್ಣಿಮೆಯೊಳಗೆ ಗುಡ್ಡ ಹಸನು ಮಾಡಿಸುತ್ತೇನೆಂದು ತ್ರ್ಯಂಬಕ ಮಾತು ಕೊಟ್ಟಿದ್ದ.

ಹೊಸ ರೇಂಜರ್ ಸಾಹೇಬರು ಮೈಸೂರು ಕಡೆಯವರು.

“ಹುಳಾ ಹತ್ತಿದ ಗಿಡಾ ಕಡೀಬೇಕ್ರಿ. ಕೊಡ್ಲಿ ಬೇಕು” ಎಂದು ತ್ರ್ಯಂಬಕ ಕೇಳಿದಾಗ ಅವರು ನಕ್ಕರು.

“ಗಿಡಕ್ಕೆ ಕೊಡಲಿ ಯಾಕ್ರೀ? ಕುಡುಗೋಲು ಸಾಕು.”

ಕುಡುಗೋಲುಗಳೇ ಬಂದವು. ಎಡವಟ್ಟು ಎಲ್ಲಾಯಿತೆಂದು ತ್ರ್ಯಂಬಕನಿಗೆ ತಿಳಿಯದೆ ಇರಲಿಲ್ಲ. ಮೈಸೂರಿನ ಗಿಡ ಮೊಳಕಾಲಿಗೆ ಬರುತ್ತದೆ, ಧಾರವಾಡದ್ದು ಮುಗಿಲಿಗೆ. ‘ಮರ’ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಶುದ್ಧ ಕನ್ನಡ ಧಾರವಾಡದ್ದೇ ಎಂದು ಧಾರವಾಡವೆಲ್ಲ ಒಪ್ಪಿರುವಾಗ, ಅಡುಗೆಮನೆಯಲ್ಲಿ ಕಾಳು ಕೇರುವ ಮೊರಕ್ಕೆ ಧಾರವಾಡ ಇಟ್ಟ ಹೆಸರನ್ನು ಕಾಡಿಗೆ ಇಡುವುದು ಹೇಗೆ? ಸಂಕ್ರಾಂತಿ ದಾಟಿತು.

ಶೇವಂತೆವ್ವ ಒಂದು ಕುಡುಗೋಲಿನಿಂದ ಒಣ ಮತ್ತಿಯ ಬೊಡ್ಡೆಗೆ ಬಡಿದು ನೋಡಿದಳು.

“ಇದರ ಗಡ್ಡಾ ಬೋಳಸೂದೇನ್ರಿ, ಗಾರ್ಡಸಾಹೇಬ್ರ?”

“ಸಾಹೇಬ್ರಿಗೆ ನಮ್ಮ ಮಾತು ತಿಳೀವಲ್ತು, ಶೇವಂತೆವ್ವಾ.”

“ಮತ್ತ ಅವರ ಮಾತಿನ್ಯಾಗ ಹೇಳ್ರಿ.”

“ಅವರು ಗಿಡಕ್ಕ ಮರ ಅಂತಾರ.”

“ಅಂದ್ರ ಅನ್ಲಿ ಬಿಡ್ರಿ. ಹ್ವಾದ ವರ್ಷ ನನ್ನ ಮನ್ಯಾಗಿನ ಮರಾನೂ ಸುಟ್ಟ ಹೋತು. ಬೆಂಕಿ ಏನ ಹೆಸರ ಕೇಳಿ ಸುಡತೈತೇನು?”

ಮರುದಿನ ತ್ರ್ಯಂಬಕ ಕಚೇರಿಯ ಬಾಗಿಲಲ್ಲಿ ನಿಂತು, ಗಂಟಲು ಸರಿಮಾಡಿಕೊಂಡು, “ಮರಾ, ಸಾಹೇಬ್ರ” ಎಂದ.

“ಮರವೇ? ಮೊದಲೇ ಹೇಳೋದಲ್ವೇನ್ರೀ. ಗಿಡ ಗಿಡ ಅಂತಿದ್ರಿ.”

ಕೊಡಲಿಗಳು ಬಂದವು. ಸತ್ತವು ಉರುಳಿದವು, ಇಬ್ಬನಿ ಇರುವಾಗಲೇ ತೊಗಟೆಯನ್ನು ಹುಳದ ಸಮೇತ ಸುಟ್ಟರು. ಗಿಳಿ ಗೂಡಿದ್ದ ಒಂದು ಟೊಳ್ಳು ಮತ್ತಿಯನ್ನು ಮಾತ್ರ ಶೇವಂತೆವ್ವ ಕಡಿಯಗೊಡಲಿಲ್ಲ. ಮಳೆ ಬಿದ್ದ ಮೇಲೆ ಹೊನ್ನೆ, ನೇರಳೆ ಸಸಿಗಳನ್ನು ನೆಟ್ಟರು. ಸಾಹೇಬರು ಅವನ್ನು ನೋಡಿ, “ಗಿಡ ಚೆನ್ನಾಗಿವೆ” ಎಂದರು. ತ್ರ್ಯಂಬಕ ತಿದ್ದಲಿಲ್ಲ.

ಮರುವರ್ಷ ಹೋಳಿಯ ಹೊತ್ತಿಗೆ ಗುಡ್ಡದ ಆಚೆ ಮಗ್ಗುಲಿಗೆ ಬೆಂಕಿ ಬಿತ್ತು. ತೆರವು ಮಾಡಿದ ಜಾಗದವರೆಗೆ ಬಂದು ಆರಿತು. ಶೇವಂತೆವ್ವನ ಮನೆ ಸುಡಲಿಲ್ಲ.