ಕೊತ್ತಂಬರಿ ತಂಗೆವ್ವ

ಮೂವರು ಚಟ್ಟ ಎತ್ತಿದರು. ನಾಲ್ಕನೆಯ ಮೂಲೆ ನೆಲ ಬಿಡಲಿಲ್ಲ. ಅಪ್ಪಣ್ಣ ಮೆಲ್ಲಗೆ ಇಳಿಸಿ ಅತ್ತೆ ತಂಗೆವ್ವನ ಹೊದಿಕೆ ಸರಿಮಾಡಿದ. ಉಳಿದಿಬ್ಬರು ಅವನ ಮಗ್ಗದ ಶೆಡ್ಡಿನ ಗೆಳೆಯರು.

"ಇನ್ನೊಬ್ಬರು ಬರ್ರೆಪಾ," ಎಂದ.

ಇಚಲಕರಂಜಿಯ ಆ ಓಣಿಯ ಗಂಡಸರು ತಮ್ಮ ತಮ್ಮ ಕಟ್ಟೆಯ ಮೇಲೇ ನಿಂತಿದ್ದರು.

"ಪಾಪ, ಭಾಳ ಚಲೋ ಕೊತ್ತಂಬರಿ ತರತಿದ್ಲು," ಎಂದ ನೂಲಿನ ವ್ಯಾಪಾರಿ ಬಸಗೊಂಡ.

"ಕೊತ್ತಂಬರಿ ಅಷ್ಟ ಕೊಂಡೀರೇನ್ರಿ ಸಾವ್ಕಾರ್ರ?" ಎದುರುಮನೆಯ ಮಲ್ಲಾರಿ ನಕ್ಕ.

"ನೀ ಯಾಕ ಹೆಗಲ ಕೊಡವಲ್ಲಿ ಮತ್ತ?"

"ನಮ್ಮನ್ಯಾಗಿನ ಮಂಚ ಕಬ್ಬಿಣದ್ದರಿ!"

ಮಂಚದ ಮಾತನ್ನು ಯಾರೂ ಎತ್ತಿರಲಿಲ್ಲ.

*

ತಂಗೆವ್ವನ ಬುಟ್ಟಿಯಲ್ಲಿ ಮೇಲೆ ಕೊತ್ತಂಬರಿ, ಕೆಳಗೆ ಬಟ್ಟಲು, ಚಿಮಣಿ ಎಣ್ಣೆ. ಹಿತ್ತಲ ಬಾಗಿಲಿನಿಂದ ಹೋಗಿ, ಮಂಚ ಮೂಸಿ, ತಿಗಣೆಗಳ ಗೂಡು ಹಿಡಿಯುವಳು. ತಿಗಣೆಯದೂ ಕೊತ್ತಂಬರಿಯದೂ ಹೆಚ್ಚುಕಡಿಮೆ ಒಂದೇ ನಾತ. ನೆರೆಯವರ ಮೂಗಿಗೆ ವ್ಯತ್ಯಾಸ ತಿಳಿಯುತ್ತಿರಲಿಲ್ಲ.

ಮಗಳು ಚೆನ್ನವ್ವನನ್ನು ಮೊದಲು ಕರೆದೊಯ್ದದ್ದು ಬಸಗೊಂಡನ ಮನೆಗೆ. ಒಂದು ತಿಗಣೆಯನ್ನು ಉಗುರಲ್ಲಿ ಅಮುಕಿ ಮಂಚದ ಸಂದಿಗೆ ಹಿಡಿದಳು. ಉಳಿದವು ದಿಕ್ಕೆಟ್ಟು ಹೊರಬಿದ್ದವು.

"ಇವಕ್ಕ ಬಾಯಿಲ್ಲವ್ವ, ಮೈಯಾಗಿನ ನಾತಾನ ಮಾತು. ಒಂದು ಸಾಯೂಮುಂದ 'ಓಡ್ರೋ' ಅಂತೈತಿ, ಊರಿಗೂರ ಏಳತೈತಿ."

"ಎಷ್ಟ ಮನ್ಯಾಗ ಅದಾವಬೇ?"

"ಅದನ್ನ ಕೇಳಬ್ಯಾಡ. ಕಂಡದ್ದನ್ನ ಅನ್ನಲೂಬ್ಯಾಡ. ಎಲ್ಲಾರ ಮನ್ಯಾಗೂ ಮದಿವಿಗೆ ಬಂದ ಹುಡಿಗ್ಯಾರು ಇರತಾರ. ತಿಗಣಿ ಮನಿ ಅಂದ್ರ ಬೀಗರು ಹೊಳ್ಳಿ ಹೋಗತಾರ."

*

ಬಿಸಿಲು ಏರಿತು. ಹೆಗಲು ಕೊಟ್ಟವನ ಮನೆಗೆ ತಂಗೆವ್ವ ಯಾಕೆ ಬರುತ್ತಿದ್ದಳೆಂದು ಓಣಿ ಕೇಳೀತೆಂಬ ಹೆದರಿಕೆ ಎಲ್ಲರಿಗೂ. ಬಸಗೊಂಡನ ಮಗಳನ್ನು ನೋಡಲು ನಾಳೆ ಜಯಸಿಂಗಪುರದವರು ಬರುವವರಿದ್ದರು.

ಚೆನ್ನವ್ವ ಹೊರಗೆ ಬಂದಳು. ಒಂದು ಹೆಸರು ಬಾಯಿಬಿಟ್ಟಿದ್ದರೆ ಸಾಕಿತ್ತು, ಉಳಿದವರು ಹೆದರಿ ಓಡಿ ಬರುತ್ತಿದ್ದರು.

"ಬಸಗೊಂಡಣ್ಣಾರ," ಎಂದಳು.

ಅವನ ಮುಖ ಬಿಳಿಚಿತು.

"ಬಿಸಲಾಗ ನಿಂದರಬ್ಯಾಡ್ರಿ. ಒಳಗ ಹೋಗ್ರಿ."

ಸೆರಗು ನಡುವಿಗೆ ಸಿಕ್ಕಿಸಿ ನಾಲ್ಕನೆಯ ಮೂಲೆಗೆ ಬಾಗಿದಳು.

"ಹೆಂಗಸು ಹೆಗಲ ಕೊಡೂದುಂಟೇನ?" ಎಂದ ಮಲ್ಲಾರಿ.

"ಗಂಡಸ್ರು ಕೊಡವಲ್ರಂದ್ರ ಇನ್ನೇನ ಮಾಡ್ಯಾಳು?" ಬಸಗೊಂಡನ ಹೆಂಡತಿ ಅಕ್ಕವ್ವ ಹೊಸ್ತಿಲಿಗೆ ಬಂದಿದ್ದಳು. "ರೀ, ನಮ್ಮ ಮಂಚ ಯಾರು ಮೂಸತಿದ್ರು, ನೀವ ಹೇಳತೀರೋ, ನಾ ಹೇಳಲೋ?"

ಬಸಗೊಂಡ ಟೊಪ್ಪಿಗೆ ತೆಗೆದಿಟ್ಟು ಇಳಿದು ಬಂದು ಕೈ ಚಾಚಿದ. ಚೆನ್ನವ್ವ ಮೂಲೆ ಬಿಟ್ಟುಕೊಡಲಿಲ್ಲ. ಅವನು ಆಕೆಯ ಹಿಂದೆ ಅದೇ ಬಿದಿರಿಗೆ ಹೆಗಲು ಹಚ್ಚಿದ. ಓಣಿಯಲ್ಲೇ ಎತ್ತರದ ಆಳು. ಚಟ್ಟ ವಾಲದಂತೆ, ಆಕೆಯ ಹೆಗಲಿನ ಮಟ್ಟಕ್ಕೆ ಮೊಣಕಾಲು ಬಾಗಿಸಿಕೊಂಡೇ ನದಿಯವರೆಗೆ ನಡೆದ.