ಬಾರದ ಬೀರುವಿನ ಜಾಗ

“ಉಹುಂ, ತಿರುಗಲ್ಲ!” ಮೆಟ್ಟಿಲಿನ ತಿರುವಿಗೆ ಟೇಪು ಹಿಡಿದು ನಕ್ಷೆಯಮ್ಮನ ಅಣ್ಣ ಕೂಗಿದ. “ಪೆಟ್ಟಿಗೆ ಇಲ್ಲಿ ಸಿಕ್ಕಿಹಾಕಿಕೊಳ್ಳುತ್ತೆ. ಬಾಲ್ಕನಿಯಿಂದ ಹಗ್ಗ ಕಟ್ಟಿ ಇಳಿಸೋಣ.”

“ಅವಳೇನು ಸೋಫಾನಾ ಭಾವ?” ಆಕೆಯ ಗಂಡ ಅಡ್ಡ ಬಂದ. “ತಾನೇ ನಕ್ಷೆ ಬರೆದು ಕಟ್ಟಿಸಿದ ಮನೆ. ಮುಂಬಾಗಿಲಿಂದಲೇ ಹೋಗ್ಬೇಕು.”

ಮಹಡಿಯ ಕೋಣೆಯಲ್ಲಿ ನಕ್ಷೆಯಮ್ಮ ಶವಪೆಟ್ಟಿಗೆಯೊಳಗೆ ಯಾವ ಗಡಿಬಿಡಿಯೂ ಇಲ್ಲದೆ ಮಲಗಿದ್ದಳು. ಊರಿನ ಅರ್ಧ ಮನೆಗಳಿಗೆ ನಕ್ಷೆ ಹಾಕಿಕೊಟ್ಟು ಆ ಹೆಸರು ಪಡೆದವಳು. ಸಾವೂ ಹಾಗೇ ಅಚ್ಚುಕಟ್ಟು, ಮಧ್ಯಾಹ್ನದ ನಿದ್ದೆಯಲ್ಲೇ. ಬಂದವರೆಲ್ಲ ಪುಣ್ಯವಂತೆ ಎನ್ನುತ್ತಿದ್ದರು. ಖಾಲಿ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ಹತ್ತಿಸಿದ್ದರು; ಮಲಗಿಸಿಕೊಂಡೇ ಇಳಿಸಲು ಮಾತ್ರ ಈ ಹಾಳು ಮೆಟ್ಟಿಲು ತಕರಾರು ತೆಗೆದಿತ್ತು.

“ಒಂದ್ನಿಮಿಷ ಇರಪ್ಪಾ,” ಎಂದು ಮಗಳು ಅಮ್ಮನ ಕಂಪ್ಯೂಟರ್ ತೆರೆದಳು. “ಇಡೀ ಮನೆ ಇದರಲ್ಲೇ ಇದೆಯಲ್ಲ. ಮೊದಲು ಇಲ್ಲೇ ಇಳಿಸಿ ನೋಡೋಣ.”

*

ಮನೆ ಇನ್ನೂ ಪರದೆಯ ಮೇಲಷ್ಟೇ ಇದ್ದ ಕಾಲ. ಗಂಡ ಮೌಸ್ ಹಿಡಿದು ಗೋಡೆಗಳನ್ನೆಲ್ಲ ತೂರಿ ಸುಯ್ಯನೆ ಅಡುಗೆಮನೆ ಸೇರಿದ್ದ.

“ಗೋಡೆ ತೂರೋಕೆ ನೀವೇನು ದೆವ್ವಾನಾ? ನಡೀರಿ!” ಎಂದು ಆಕೆ ಏನೋ ಒತ್ತಿದಳು. ಆಗಿನಿಂದ ಗೋಡೆ ತಡೆಯತೊಡಗಿತು, ನೋಟ ಅವನ ಕಣ್ಣಿನ ಎತ್ತರಕ್ಕೆ ಇಳಿಯಿತು, ಮೆಟ್ಟಿಲನ್ನು ಒಂದೊಂದಾಗಿ ಹತ್ತಬೇಕಾಯಿತು. ಯಾರ ಮನೆಯಾದರೂ ಆಕೆಯದು ಇದೇ ಪಟ್ಟು: ಕಟ್ಟುವ ಮುಂಚೆ ಮನೆಯವರೆಲ್ಲ ಒಳಗೆ ನಡೆದು ನೋಡಬೇಕು.

ಗಂಡ ಪರದೆಯಲ್ಲೇ ಗತ್ತಿನಿಂದ ಮುಂಬಾಗಿಲು ದಾಟಿದ. ಹೊರಗೆ ಆಕೆ ಇನ್ನೂ ನೆಲವನ್ನೇ ಹಾಕಿರಲಿಲ್ಲ. ಬಿದ್ದ, ಬೀಳುತ್ತಲೇ ಇದ್ದ, ಮನೆ ಮೇಲೆಲ್ಲೋ ಚುಕ್ಕಿಯಾಯಿತು. ಆಕೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಕಣ್ಣೊರೆಸಿಕೊಂಡು ಬಾಗಿಲಾಚೆ ಒಂದು ಹಸಿರು ಪಟ್ಟಿ ಹಾಸಿದಳು.

“ಹೂಂ, ಈಗ ಹೋಗಿ. ಬೀಳಲ್ಲ.”

ಅದೇ ದಿನ ಆಕೆ ಉದ್ದನೆಯದೊಂದು ಬೀರುವನ್ನು ಆ ಮೆಟ್ಟಿಲಲ್ಲಿ ತಿರುಗಿಸಿ ನೋಡಿ, ಅಡುಗೆಮನೆಯ ಮೂಲೆಯನ್ನು ಕತ್ತರಿಸಿ ತಿರುವಿಗೆ ಸೇರಿಸಿದಳು.

“ಅಷ್ಟುದ್ದದ ಬೀರು ನಮ್ಮನೇಲೆಲ್ಲಿದೆ?”

“ಬರುತ್ತೆ ಬಿಡ್ರಿ, ಒಂದಿನ.”

ಬರಲೇ ಇಲ್ಲ. ಇಕ್ಕಟ್ಟಿನ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವಾಗಲೆಲ್ಲ ಗಂಡ ಮೊಣಕೈ ಬಡಿಸಿಕೊಂಡು ಆ ಬೀರುವಿಗೆ ಶಾಪ ಹಾಕುತ್ತಿದ್ದ.

*

ಮಗಳು ಪೆಟ್ಟಿಗೆಯ ಅಳತೆಯದೊಂದು ಡಬ್ಬ ಮಾಡಿ ಪರದೆಯಲ್ಲಿ ಮೆಟ್ಟಿಲಿಳಿಸಿದಳು. ಅದು ತಿರುವಿನ ಮೂಲೆಗೆ ನುಗ್ಗಿ ಸಲೀಸಾಗಿ ತಿರುಗಿತು.

“ಅಪ್ಪಾ, ಇಲ್ಲಿ ಗೋಡೇನೇ ಇಲ್ಲ!”

ಗಂಡ ಹಣೆ ಚಚ್ಚಿಕೊಂಡ. “ಅಯ್ಯೋ, ಅದು ನನ್ನ ಹಲಗೆ ಕಣೇ!” ಖಾಲಿ ಜಾಗ ದಂಡವಾಯಿತಲ್ಲ ಎಂದು ಹಿಂದೊಮ್ಮೆ ಅಲ್ಲಿ ಹಳೇ ಪೇಪರೆಲ್ಲ ಒಟ್ಟಿ, ಹಲಗೆ ಹೊಡೆದು ಸುಣ್ಣ ಬಳಿದಿದ್ದ. ಬರಬರುತ್ತ ಮನೆಮಂದಿಗೆಲ್ಲ ಅದೇ ಗೋಡೆಯಾಗಿಬಿಟ್ಟಿತ್ತು.

ಭಾವ ಹಲಗೆ ಕಿತ್ತ, ಗಂಡ ಪೇಪರ್ ಹೊತ್ತು ಹಾಕಿದ. ಪೆಟ್ಟಿಗೆ ಇಳಿಯಿತು, ತಿರುಗಿತು. ಎಲ್ಲೂ ಒಂದು ಗೀರೂ ಬೀಳಲಿಲ್ಲ.

“ಬೀರು ಅಂತೆ, ಬೀರು!” ಪೆಟ್ಟಿಗೆಯ ಮುಂದಿನ ಮೂಲೆಗೆ ಹೆಗಲು ಕೊಟ್ಟ ಗಂಡ ಅಳುತ್ತಲೇ ನಕ್ಕ. “ಎಂಥಾ ಕಿಲಾಡಿ ನೋಡಿ ಭಾವ, ನಿಮ್ಮ ತಂಗಿ.”

ಮುಂಬಾಗಿಲಲ್ಲಿ ಅವನು ತಟ್ಟನೆ ನಿಂತ. ಹಿಂದಿನವರೂ ನಿಂತರು. ಬಲಗಾಲನ್ನು ಹೊಸಿಲಾಚೆ ಚಾಚಿ, ಅಂಗಳದ ಹುಲ್ಲನ್ನು ಒಮ್ಮೆ ಒತ್ತಿ ನೋಡಿ, ಆಮೇಲೆ ಹೆಜ್ಜೆ ಇಟ್ಟ.