ಹನ್ನೊಂದು ಕಾಗದಗಳು

ಅಪ್ಪನ ಶರ್ಟಿನ ಕತ್ತಿನ ಗುಂಡಿ ಹಾಕಲು ಮಗಳು ಮೂರನೆಯ ಸಲ ಹೆಣಗುತ್ತಿದ್ದಳು. ಗುಂಡಿ ತೂತಿಗೆ ಸೇರುತ್ತಲೇ ಇರಲಿಲ್ಲ.

"ಬಿಡೇ, ಬದುಕಿದ್ದಾಗ್ಲೇ ಅವನು ಆ ಗುಂಡಿ ಹಾಕಿದ್ದಿಲ್ಲ. ಈಗ್ಯಾಕೆ ಕತ್ತು ಬಿಗೀತೀಯ," ಎಂದಳು ಅತ್ತೆ. ಅಣ್ಣನ ಹೆಣದ ಮುಂದೆ ಕೂತರೂ ಬಾಯಿಗೆ ಬೀಗ ಹಾಕುವ ಹೆಂಗಸಲ್ಲ ಅವಳು. ಹೇಳಿ ಮುಗಿಸಿದವಳೇ ಅಂಗೈಯನ್ನು ಬಾಯಿಗೆ ಒತ್ತಿಕೊಂಡು ಬಿಕ್ಕಿದಳು.

ಮುಂದಿನ ಕೋಣೆಯಲ್ಲಿ ಅಮ್ಮ ಬಂದವರಿಗೆಲ್ಲ ಒಂದೇ ಕತೆ ಹೇಳುತ್ತಿದ್ದಳು. ವಿಶ್ವವಿದ್ಯಾಲಯದ ವಿದೇಶಿ ವಿದ್ಯಾರ್ಥಿಗಳ ವಿಭಾಗದಲ್ಲಿ ಮೂವತ್ತೊಂದು ವರ್ಷ ಗುಮಾಸ್ತರಾಗಿ ದುಡಿದವರು. ಯಾರೋ ಚಾಡಿ ಹೇಳಿದ್ದೇ ನೆಪವಾಗಿ ಮೇಜು ಕಿತ್ತುಕೊಂಡು ಉಗ್ರಾಣಕ್ಕೆ ಅಟ್ಟಿದರು. ಅಲ್ಲಿ ಕಾಲು ಮುರಿದ ಕುರ್ಚಿಗಳನ್ನು ಕಾಯುತ್ತಾ ಕೂತು, ಮೂರೇ ತಿಂಗಳಲ್ಲಿ ಮನುಷ್ಯ ಕೊರಗಿ ಕೊರಗಿ ಹೋಗಿಬಿಟ್ಟರು. ಕೊನೆಗೆ ಪ್ರತಿ ಸಲವೂ ಅದೇ ಮಾತು: "ಆ ಮನೆಹಾಳ ಯಾರು ಅಂತ ಒಂದ್ಸಲ ಗೊತ್ತಾಗ್ಲಿ."

ಮಗಳಿಗೆ ಗೊತ್ತಿತ್ತು. ಚಾಡಿ ಹೇಳಿದವಳು ಅವಳೇ. ಮೂರು ತಿಂಗಳಿಂದ ಆ ಮಾತು ಗಂಟಲವರೆಗೆ ಬಂದು ವಾಪಸ್ಸು ಹೋಗುತ್ತಿತ್ತು. ಅಪ್ಪನಿಗೆ ಹೇಳುವ ಕಾಲ ಮುಗಿಯಿತು. ಅಪ್ಪ ಹೊಸಿಲು ದಾಟುವ ಮುಂಚೆ ಅಮ್ಮನಿಗಾದರೂ ಹೇಳಬೇಕು, ಇಲ್ಲದಿದ್ದರೆ ಈ ಜನ್ಮದಲ್ಲಿ ಹೇಳಲಾರೆ ಎಂದು ಬೆಳಗಿನಿಂದ ಒದ್ದಾಡುತ್ತಿದ್ದಳು. ಸ್ಮಶಾನಕ್ಕೆ ಒಯ್ಯುವ ಗಾಡಿ ಹನ್ನೊಂದಕ್ಕೆ ಬರುವುದಿತ್ತು. ಈಗ ಹತ್ತೂ ಕಾಲು.

*

ವಿಶ್ವವಿದ್ಯಾಲಯದಲ್ಲಿ ಇಬ್ಬರದೂ ಒಂದೇ ಕಟ್ಟಡ. ಕೆಳಗಿನ ಮಹಡಿಯಲ್ಲಿ ಅಪ್ಪ, ಮೇಲಿನ ಮಹಡಿಯಲ್ಲಿ ಮಗಳು. ಹೊರದೇಶದ ವಿದ್ಯಾರ್ಥಿಗಳನ್ನೂ ಸಂಶೋಧಕರನ್ನೂ ಸೆಳೆಯುವುದು ಅವಳ ಕೆಲಸ. ಅವಳ ಜಾಹೀರಾತುಗಳಲ್ಲಿ ಹುಲ್ಲುಹಾಸಿನ ಮೇಲೆ ನಗುವ ಮುಖಗಳು, ಥಳಥಳ ಹೊಳೆಯುವ ಪ್ರಯೋಗಾಲಯ, ಕೆಳಗೊಂದು ಮುದ್ದಾದ ಸಾಲು. ಆ ಪ್ರಯೋಗಾಲಯ ಯಾರದೆಂದು ಅವಳೂ ಕೇಳಿರಲಿಲ್ಲ. ಚಿತ್ರ ಚೆನ್ನಾಗಿತ್ತು, ಹಾಕಿದ್ದಳು.

ಸೀಟು ಸಿಕ್ಕವರು ಬರುವ ಮುಂಚೆ ನೂರೆಂಟು ಪ್ರಶ್ನೆ ಕೇಳಿ ಬರೆಯುತ್ತಿದ್ದರು. ಅವಕ್ಕೆ ಉತ್ತರ ಕಳಿಸುವುದು ಅಪ್ಪನ ಪಾಲು. ಅಚ್ಚಾದ ಉತ್ತರವೊಂದಿತ್ತು, ಸಹಿ ಹಾಕಿ ಲಕೋಟೆಗೆ ಹಾಕಿದರೆ ಮುಗಿಯಿತು. ಆದರೆ ಅಪ್ಪನಿಗೊಂದು ಚಾಳಿ. ಊಟದ ಬಿಡುವಿನಲ್ಲಿ ತಾನೇ ಹೋಗಿ ಕಣ್ಣಾರೆ ನೋಡಿ ಬಂದು, ಅಚ್ಚಾದ ಹಾಳೆಯ ಜೊತೆ ಕೈಬರಹದ್ದೊಂದು ಹಾಳೆ ಸೇರಿಸುತ್ತಿದ್ದ.

"ಸೂಕ್ಷ್ಮದರ್ಶಕ ಒಂದೇ ಇದೆ. ಅದರ ಮೇಲೆ ಚಾವಣಿ ಸೋರುತ್ತದೆ. ನಿಮ್ಮ ಮಾರ್ಗದರ್ಶಕರು ಬರುವ ವರ್ಷ ನಿವೃತ್ತರಾಗುತ್ತಾರೆ. ಹಾಸ್ಟೆಲಿನಲ್ಲಿ ಬಿಸಿನೀರು ವಾರಕ್ಕೆರಡು ದಿನ. ಗ್ರಂಥಾಲಯ ಮಾತ್ರ ನಿಜಕ್ಕೂ ಒಳ್ಳೆಯದು. ಬರುವುದಾದರೆ ತಿಳಿಸಿ, ಸ್ಟೇಷನ್ನಿಗೆ ನಾನೇ ಬರುತ್ತೇನೆ."

ಈ ವರ್ಷ ಅಂಥ ಕಾಗದ ಹನ್ನೊಂದು ಹೋಗಿದ್ದವು. ಹತ್ತು ಮಂದಿ ಬರುವುದಿಲ್ಲವೆಂದರು. ಅವರಲ್ಲೊಬ್ಬ, ನಿಜ ಹೇಳಿದ್ದಕ್ಕೆ ವಂದನೆಗಳು ಎಂದು, ಅಪ್ಪನ ಹಾಳೆಯ ನಕಲನ್ನು ಮೇಲಿನ ಮಹಡಿಗೇ ಕಳಿಸಿದ್ದ. ವಿಭಾಗದ ನಿರ್ದೇಶಕರು ಸಭೆ ಕರೆದು, ಹತ್ತು ಮಂದಿ ಒಟ್ಟಿಗೆ ಹೇಗೆ ಕೈಕೊಟ್ಟರೆಂದು ಒಬ್ಬೊಬ್ಬರನ್ನೇ ಕೇಳುತ್ತಾ ಬಂದರು. ಮಗಳ ಕೆಲಸ ಕಾಯಂ ಆಗುವ ಆದೇಶ ಅದೇ ವಾರ ಅವರ ಸಹಿಗೆ ಕಾದಿತ್ತು. ಅವಳು ಆ ನಕಲನ್ನು ಮೇಜಿನ ಮೇಲಿಟ್ಟು, ಇದು ಕೆಳಗಿನ ಮಹಡಿಯ ಕೈಬರಹ ಎಂದಳು. ಎರಡು ಮಾತು ಬೈದು ಬಿಡುತ್ತಾರೆ ಎಂದುಕೊಂಡಿದ್ದಳು.

ಮರುದಿನ ಸಂಜೆ ಅಪ್ಪ ಚಪ್ಪಲಿಯನ್ನೂ ಬಿಡದೆ ಅಡುಗೆಮನೆಯ ಬಾಗಿಲಲ್ಲಿ ನಿಂತ.

"ನನ್ನ ಮೇಜು ತೆಗೆದ್ರು ಕಣಮ್ಮಾ. ಡ್ರಾಯರ್ ಖಾಲಿ ಮಾಡ್ಕೊಳ್ಳೋಕೂ ಬಿಡ್ಲಿಲ್ಲ."

"ಯಾಕಪ್ಪಾ ಹಾಗೆಲ್ಲಾ ಬರೀತಿದ್ದೆ?" ಎಂದಳು ಮಗಳು, ಪಾತ್ರೆ ತೊಳೆಯುವ ನೆಪದಲ್ಲಿ ಬೆನ್ನು ತಿರುಗಿಸಿ.

"ಮನೆ ಮಠ ಬಿಟ್ಟು ಬರೋ ಮಕ್ಕಳು. ಗೊತ್ತಿದ್ದೇ ಬರ್ಲಿ."

ಯಾರು ಹೇಳಿದರು ಎಂದು ಅಪ್ಪ ಅವತ್ತೂ ಕೇಳಲಿಲ್ಲ, ಆಮೇಲೂ ಕೇಳಲಿಲ್ಲ.

*

ಹತ್ತೂವರೆಗೆ ವಿಶ್ವವಿದ್ಯಾಲಯದ ಬಸ್ಸು ಬಂತು. ಅದರಿಂದ ನಿರ್ದೇಶಕರು ಇಳಿದರು, ಕ್ಯಾಮೆರಾದವನು ಇಳಿದ, ಹಿಂದೆಯೇ ಹದಿನೆಂಟು ವಿದೇಶಿ ವಿದ್ಯಾರ್ಥಿಗಳು. ಹಾಜರಿ ಕೊಡುತ್ತೇವೆಂದು ಹೇಳಿ ತರಗತಿಯಿಂದ ಎಬ್ಬಿಸಿ ತಂದವರು. ಅಪ್ಪನ ಮೇಜು ಹೋದ ಮೇಲೆ ಬಂದ ಹೊಸಬರು, ಅವರಲ್ಲೊಬ್ಬರೂ ಅಪ್ಪನ ಮುಖ ಕಂಡವರಲ್ಲ. ಪಾಪ, ಕೈ ಎಲ್ಲಿಡಬೇಕೆಂದು ತಿಳಿಯದೆ ಗೋಡೆಗೆ ಅಂಟಿಕೊಂಡು ನಿಂತರು. ಕ್ಯಾಮೆರಾದವನು ಎತ್ತರದವರನ್ನು ಹಿಂದಕ್ಕೆ ಕಳಿಸಿ, ಬೇರೆ ಬೇರೆ ಬಣ್ಣದ ಮುಖಗಳನ್ನು ಆರಿಸಿ ಅಪ್ಪನ ತಲೆಯ ಬಳಿ ನಿಲ್ಲಿಸಿದ. ಅಡ್ಡ ಬಂದ ಅತ್ತೆಯನ್ನು ಸ್ವಲ್ಪ ಸರಿಯಲು ಹೇಳಿದ.

"ನನ್ನಣ್ಣ ಸತ್ತಿರೋದು ಕಣಯ್ಯಾ, ನಾನೆಲ್ಲಿಗೆ ಸರೀಲಿ?" ಎಂದಳು ಅತ್ತೆ. ಆದರೂ ಸರಿದಳು.

ನಿರ್ದೇಶಕರು ಮಗಳನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಸಮಾಧಾನ ಹೇಳಿದರು. ನಮ್ಮದು ಬರೀ ವಿಶ್ವವಿದ್ಯಾಲಯವಲ್ಲ, ಒಂದು ಕುಟುಂಬ, ಅದು ಹೊರಗಿನವರಿಗೂ ಕಾಣಬೇಕು ಎಂದರು. ಸಂಜೆಯೊಳಗೆ ಚಿತ್ರದ ಕೆಳಗೆ ಹಾಕಲು ಎರಡು ಸಾಲು ಬರೆದುಕೊಡಲು ಹೇಳಿದರು. ಅವಳು ತಲೆಯಾಡಿಸಿದಳು. ಅಭ್ಯಾಸಬಲ.

ಇಷ್ಟರಲ್ಲಿ ಇನ್ನೊಬ್ಬಳು ವಿದೇಶಿ ಹುಡುಗಿ ನಡೆದುಕೊಂಡೇ ಬಂದಳು. ಹುಳಗಳ ಮೇಲೆ ಸಂಶೋಧನೆ ಮಾಡುವವಳು, ಬಸ್ಸಿಗೆ ಯಾರೂ ಕರೆದಿರಲಿಲ್ಲ. ಹನ್ನೊಂದು ಕಾಗದದಲ್ಲಿ ಒಂದು ಅವಳಿಗೆ ಹೋಗಿತ್ತು. ಸ್ಟೇಷನ್ನಿಗೆ ಹೋಗಿ ಕರೆತಂದ ದಿನದಿಂದ ಅಪ್ಪ ಅವಳನ್ನು ಹುಳದಮ್ಮ ಎನ್ನುತ್ತಿದ್ದ. ಅಪ್ಪನನ್ನು ಉಗ್ರಾಣಕ್ಕೆ ಅಟ್ಟಿದ ಮೇಲೂ ದಿನಾ ಅಲ್ಲಿಗೇ ಹೋಗಿ, ಮುರುಕು ಕುರ್ಚಿಯ ಮೇಲೆ ಕೂತು ಅವನಿಂದ ಭಾಷೆ ಕಲಿಯುತ್ತಿದ್ದಳು. ಈಗ ಸೀದಾ ಬಂದು ಅಮ್ಮನ ಕೈ ಹಿಡಿದು ನೆಲದ ಮೇಲೆ ಕೂತಳು.

"ಎಲ್ಲಾ ಕಡೆಯಿಂದ ನನಗೆ ಚಿತ್ರ ಬಂತು. ಇವರು ಒಬ್ಬರೇ ಸೋರುತ್ತೆ ಅಂತ ಬರೆದರು," ಎಂದಳು, ಪದ ಹುಡುಕುತ್ತಾ. "ಅದಕ್ಕೇ ಬಂದೆ. ನನ್ನ ಅಮ್ಮನಿಗೆ ಓದಿ ಹೇಳಿದೆ. ಅಮ್ಮ ಹೇಳಿದರು, ಅಲ್ಲಿಗೆ ಹೋಗು, ಅಲ್ಲಿ ಒಬ್ಬರು ಇದ್ದಾರೆ."

ಅಮ್ಮ ಅವಳ ತಲೆಯನ್ನು ಎದೆಗೊತ್ತಿಕೊಂಡು ಅತ್ತಳು. ಬೆಳಗಿನಿಂದ ಹಾಗೆ ಅತ್ತಿರಲಿಲ್ಲ. ಆಮೇಲೆ ಕಣ್ಣೊರೆಸಿಕೊಂಡು ಮಗಳ ಕಡೆ ತಿರುಗಿದಳು.

"ನೀನೂ ಅಲ್ಲೇ ಇದ್ದೀಯ. ಯಾರು ಅಂತ ಇವತ್ತಿಗೂ ಗೊತ್ತಾಗ್ಲಿಲ್ವೇನೇ?"

ಹೊರಗೆ ಗಾಡಿಯ ಹಾರ್ನ್ ಕೇಳಿಸಿತು. ಮಗಳು ಒಂದು ಹೆಜ್ಜೆ ಮುಂದೆ ಬಂದಳು.

"ನಾನೇ ಅಮ್ಮಾ."

ಅಮ್ಮನಿಗೆ ಅರ್ಥವಾಗಲಿಲ್ಲ.

"ಆ ಕಾಗದ ತೋರಿಸಿದ್ದು ನಾನೇ. ಅಪ್ಪನ ಕೈಬರಹ ಅಂತ ಹೇಳಿದ್ದೂ ನಾನೇ. ಹೀಗಾಗುತ್ತೆ ಅಂತ ಗೊತ್ತಿರ್ಲಿಲ್ಲ."

ಬೈಯಲಿ, ಕೆನ್ನೆಗೆ ಬಾರಿಸಲಿ ಎಂದು ಕಾದಳು. ಅಮ್ಮ ಅವಳನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದಳು, ಅಷ್ಟೆ. ಬಳಿಕ ನೆಲಕ್ಕೆ ಕೈಯೂರಿ ಎದ್ದು ಅಪ್ಪನ ಕಾಲ ಮೇಲಿನ ಬಟ್ಟೆ ಸರಿಪಡಿಸಿದಳು. ಅತ್ತೆ ಬಂದು ಬಟ್ಟೆಯ ಇನ್ನೊಂದು ತುದಿ ಹಿಡಿದಳು.

ಅಪ್ಪನನ್ನು ಎತ್ತಿ ಗಾಡಿಯೊಳಗೆ ಇಟ್ಟರು. ಎರಡೂ ಕಡೆ ಒಂದೊಂದು ಬೆಂಚು. ಅಮ್ಮ, ಅತ್ತೆ, ಹೆಗಲು ಕೊಟ್ಟ ಇಬ್ಬರು ಹತ್ತಿ ಕೂತರು. ಅಮ್ಮನ ಪಕ್ಕ ಇನ್ನೊಂದೇ ಜಾಗ ಉಳಿದಿತ್ತು. ಮಗಳು ಮೆಟ್ಟಿಲಿಗೆ ಕಾಲಿಟ್ಟಾಗ ಅಮ್ಮ ಆ ಜಾಗದ ಮೇಲೆ ಅಂಗೈ ಊರಿದಳು.

"ಇಲ್ಲಿ ಆ ಹುಡುಗಿ ಕೂತ್ಕೋತಾಳೆ," ಎಂದಳು. ದನಿಯಲ್ಲಿ ಸಿಟ್ಟೂ ಇರಲಿಲ್ಲ.

ಹುಳದಮ್ಮ ಇಬ್ಬರ ಮುಖವನ್ನೂ ನೋಡಿ ಹಿಂಜರಿದಳು. ಅಮ್ಮ ಕೈ ಚಾಚಿ ಎಳೆದುಕೊಂಡಳು. ಬಾಗಿಲು ಮುಚ್ಚಿತು.

ಸ್ಮಶಾನಕ್ಕೆ ಹೋಗಲು ಉಳಿದದ್ದು ವಿಶ್ವವಿದ್ಯಾಲಯದ ಬಸ್ಸೊಂದೇ. ಮಗಳು ಹತ್ತಿದಳು. ಚಾಲಕನ ಹಿಂದಿನ ಸೀಟಿನಲ್ಲಿದ್ದ ವಿದ್ಯಾರ್ಥಿನಿಯೊಬ್ಬಳು ಚೀಲ ತೊಡೆಗೆ ತೆಗೆದುಕೊಂಡು ಜಾಗ ಮಾಡಿಕೊಟ್ಟಳು. ಸ್ವಲ್ಪ ದೂರ ಹೋದ ಮೇಲೆ, ತರಗತಿಯಲ್ಲಿ ಕಲಿತ ಭಾಷೆಯಲ್ಲಿ ಮರ್ಯಾದೆಯಿಂದ ಕೇಳಿದಳು:

"ನೀವೂ ಆಫೀಸಿನಿಂದ ಬಂದವರಾ?"

"ಹೌದು," ಎಂದಳು ಮಗಳು.

ಮುಂದೆ ಹೋಗುತ್ತಿದ್ದ ಗಾಡಿಯ ಹಿಂಬದಿಯ ಗಾಜಿನಲ್ಲಿ ಅಮ್ಮನ ಹೆಗಲು ಕಾಣುತ್ತಿತ್ತು. ರಸ್ತೆ ಕುಲುಕಿದಾಗಲೆಲ್ಲ ಆ ಹೆಗಲು ಅಪ್ಪನ ಕಡೆಗೆ ವಾಲುತ್ತಿತ್ತು, ಹುಳದಮ್ಮನ ಕೈ ಅದನ್ನು ಹಿಡಿದು ನಿಲ್ಲಿಸುತ್ತಿತ್ತು.